ಅರ್ಧ ಮೇಜಿನ ಅಂಗಡಿ

ಎರಡನೇ ಮಹಡಿಯ ನಮ್ಮ ಹೊಸ ಮನೆ,
ಕಿಟಕಿ ಪಕ್ಕದ ಮೇಜಿನಿಂದ,
ಮಾರ್ಚ್ ೧೪, ಸೋಮವಾರ ಬೆಳಗ್ಗೆ

ಪ್ರೀತಿಯ ಅಪ್ಪಾ,

ಮೊದಲು ಮೊಣಕಾಲು ಹೇಗಿದೆ ಹೇಳಿ. ಹಡಗಿನ ಆ ಕಡಿದಾದ ಕಬ್ಬಿಣದ ಮೆಟ್ಟಿಲುಗಳನ್ನು ದಿನಕ್ಕೆ ಎಷ್ಟು ಸಲ ಹತ್ತಿಸುತ್ತಾರೆ ನಿಮ್ಮಿಂದ? ಉಗ್ರಾಣದಲ್ಲಿ ಕೂತು ನಟ್ಟು ಬೋಲ್ಟು ಎಣಿಸುವ ಕೆಲಸ ಅಂತ ಕರೆದುಕೊಂಡು ಹೋದವರು ಕೂರಲು ಬಿಡುತ್ತಾರೋ ಇಲ್ಲವೋ? ಅಮ್ಮ ಕಳಿಸಿದ ಎಣ್ಣೆಯನ್ನು ತಪ್ಪದೆ ಹಚ್ಚುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಿರಂತೆ. ಅಮ್ಮ ನಂಬಿಲ್ಲ, ನಾನೂ ನಂಬಿಲ್ಲ. ನಿಮ್ಮ ಅಳಿಯ ಒಬ್ಬನೇ ನಂಬಿದ್ದಾನೆ, ಪಾಪ, ಮನೆಗೆ ಹೊಸಬ. ಅಂದಹಾಗೆ ನಿಮ್ಮ ಅಳಿಯ ಎಷ್ಟು ಒಳ್ಳೆಯವನು ಅಂದರೆ, ನನಗೇ ಒಮ್ಮೊಮ್ಮೆ ಅನುಮಾನ ಬರುತ್ತದೆ. ಮದುವೆಯಾಗಿ ಹನ್ನೊಂದು ವಾರವಾಯಿತು, ಇನ್ನೂ ಒಂದು ದಿನವೂ ನನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ನಿಮ್ಮಿಂದ ಆಗದ್ದು ಅದು.

ವಿಷಯವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಎರಡನೇ ಮಾತಿಗೇ ಬೇಡ ಅನ್ನುತ್ತೀರಿ, ಪತ್ರವಾದರೆ ಕೊನೆಯವರೆಗೆ ಓದಲೇಬೇಕು. ಶಾಲೆಯಲ್ಲಿ ರಜಾ ಅರ್ಜಿಯನ್ನೂ ಇಂಗ್ಲಿಷಿನಲ್ಲೇ ಬರೆದು ಬೆಳೆದ ನಾನು ಇಷ್ಟುದ್ದ ಕನ್ನಡ ಬರೆಯಲು ಕೂತಿದ್ದೇನೆ ಅಂದರೆ ವಿಷಯ ಎಂಥದ್ದಿರಬೇಕು, ನೀವೇ ಯೋಚಿಸಿ. ನನಗೆ ಒಂಬತ್ತು ವರ್ಷವಿದ್ದಾಗ ನೀವು ನಮ್ಮ ಬ್ಯಾಗಿನ ಅಂಗಡಿಯ ಬೋರ್ಡು ಇಳಿಸಿದಿರಿ. ಕೆಳಗೆ ಏಣಿ ಹಿಡಿದು ನಿಂತವಳು ನಾನು. ಇಳಿದು ಬಂದು ನನ್ನ ತಲೆ ಮೇಲೆ ಕೈಯಿಟ್ಟು, “ಏನು ಬೇಕಾದರೂ ಆಗು ಮಗಳೇ, ಅಂಗಡಿ ಮಾತ್ರ ಇಡಬೇಡ” ಅಂದಿರಿ. ನಾನು ಹೂಂ ಅಂದೆ. ಅಪ್ಪಾ, ಆ ಹೂಂ ಅನ್ನು ನನಗೆ ವಾಪಸು ಕೊಡಬೇಕು. ಈ ತಿಂಗಳ ಕೊನೆಯೊಳಗೆ ಕೊಡಬೇಕು. ಯಾಕೆ ಅಂತ ಹೇಳುತ್ತೇನೆ, ಕೋಪ ಮಾಡಿಕೊಳ್ಳದೆ ಓದಿ.

ನನ್ನ ಟೈಪಿಂಗ್ ಕೆಲಸ ಮದುವೆಗೆ ಮುಂಚೆಯೇ ಮುಗಿದಿತ್ತಲ್ಲ. ಗೋದಾಮಿನಲ್ಲಿ ಇವನಿಗೂ ಈಗ ವಾರಕ್ಕೆ ನಾಲ್ಕೇ ದಿನ ಕೆಲಸ. ಹಾಗಾಗಿ ಏನಾದರೂ ಸಣ್ಣದಾಗಿ ನಮ್ಮದೇ ಶುರು ಮಾಡೋಣ ಅಂದುಕೊಂಡೆವು. ಕೈಯಲ್ಲಿದ್ದದ್ದು ಮದುವೆಗೆ ಬಂದ ಉಡುಗೊರೆ ಹಣ, ಅನುಭವ ಅಂತ ನೋಡಿದರೆ ಸೊನ್ನೆ. ನಿಮ್ಮ ಅಳಿಯನಿಗೆ ಪಟ್ಟಿ ಮಾಡುವ ಹುಚ್ಚು. ಇಪ್ಪತ್ತಮೂರು ಐಡಿಯಾ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಏಣಿ ಬಾಡಿಗೆಗೆ ಕೊಡುವುದು, ಊರಿಗೆ ಹೋದವರ ಗಿಡಗಳಿಗೆ ನೀರು ಹಾಕುವುದು, ಕೇಕು, ಮಕ್ಕಳಿಗೆ ಇಂಗ್ಲಿಷ್ ಪಾಠ, ಎಲ್ಲ ಇತ್ತು. ಏಣಿಗಳನ್ನು ಇಡುವುದೆಲ್ಲಿ ಅಂದೆ. ಮಂಚದ ಕೆಳಗೆ ಅಂದ. ಕೇಕು ಮಾಡಿ ನೋಡಿದೆ. ಅದನ್ನು ಈಗ ಬಾಗಿಲು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಡಲು ಬಳಸುತ್ತಿದ್ದೇವೆ. ಇಲ್ಲ ಇಲ್ಲ, ಸುಳ್ಳು, ಆದರೆ ಇಡಬಹುದಿತ್ತು.

ಕೊನೆಗೆ ಉಳಿದದ್ದು ಮೇಣದಬತ್ತಿ. ಮೇಣ ಅಗ್ಗ, ಅಚ್ಚು ಅಂದರೆ ಖಾಲಿ ಡಬ್ಬಿಗಳು, ನನಗೆ ಬಣ್ಣ ಬೆರೆಸುವುದೆಂದರೆ ಇಷ್ಟ. ನಲವತ್ತು ಮಾಡಿದೆವು. ಮನೆಯೆಲ್ಲ ಘಮಘಮ, ಸಾರಿಗೂ ನಿಂಬೆಹುಲ್ಲಿನ ವಾಸನೆ. ಹಿಂದಿನ ಭಾನುವಾರ ಬಸ್ ನಿಲ್ದಾಣದ ಹಿಂದಿನ ಸಂತೆಯಲ್ಲಿ ಒಂದು ಮೇಜು ಬಾಡಿಗೆಗೆ ಹಿಡಿದು, ಬಟ್ಟೆ ಹಾಸಿ ಜೋಡಿಸಿ ಕೂತೆವು. ಬಂದವರೆಲ್ಲ ಎತ್ತಿ ಮೂಸಿ ನೋಡಿ, ತುಂಬ ಚೆನ್ನಾಗಿದೆ ಅಂದು, ಅಷ್ಟೇ ಪ್ರೀತಿಯಿಂದ ಕೆಳಗಿಟ್ಟು ಹೋದರು. ಮಧ್ಯಾಹ್ನದ ಹೊತ್ತಿಗೆ ಎರಡು ಮಾರಿದ್ದೆವು, ಎರಡನ್ನೂ ಕೊಂಡವರು ನನ್ನ ಅತ್ತೆ. ನನಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಹೆಂಗಸು ತನ್ನ ಚಿಲ್ಲರೆ ಚೀಲದ ಜಿಪ್ಪು ಸಿಕ್ಕಿಹಾಕಿಕೊಂಡು ಒದ್ದಾಡುತ್ತಿದ್ದಳು. ನಾನು ಏನೂ ಯೋಚನೆ ಮಾಡಲಿಲ್ಲ ಅಪ್ಪಾ, ನನ್ನ ಕೈ ತಾನಾಗಿ ಹೋಯಿತು. ಒಂದು ಬತ್ತಿ ತೆಗೆದು ಜಿಪ್ಪಿನ ಹಲ್ಲುಗಳ ಉದ್ದಕ್ಕೂ ಮೇಣ ಉಜ್ಜಿದೆ, ಎರಡು ಸಲ ಹಿಂದೆ ಮುಂದೆ ಎಳೆದೆ, ಸರ್ರನೆ ಓಡಿತು. ಯಾರು ಕಲಿಸಿದ್ದು ಹೇಳಿ. ಅಂಗಡಿಯ ಹಿಂದಿನ ಸ್ಟೂಲಿನ ಮೇಲೆ ಕೂರಿಸಿಕೊಂಡು ಕಲಿಸಿದವರು ನೀವೇ.

ಆ ಹೆಂಗಸು ಸುಮ್ಮನಿರುವವಳಲ್ಲ. ಎದುರಿನ ಚಪ್ಪಲಿಯವನನ್ನು ಕೂಗಿ, “ಏಯ್, ನಿನ್ನ ಜಾಕೀಟು ವರ್ಷದಿಂದ ಬಾಯಿ ಬಿಟ್ಕೊಂಡಿದೆಯಲ್ಲ, ತಗೊಂಡು ಬಾ ಇಲ್ಲಿ” ಅಂದಳು. ಆ ಜಾಕೀಟಿಗೆ ಮೇಣ ಸಾಲಲಿಲ್ಲ, ಎಳೆದರೆ ಹಲ್ಲುಗಳನ್ನು ಕೂಡಿಸುತ್ತಾ ಓಡುವ ಗುಬುಟು ಸಡಿಲವಾಗಿತ್ತು. ನಿಮ್ಮ ಅಳಿಯ ಓಡಿಹೋಗಿ ಸೈಕಲ್ ಅಂಗಡಿಯಿಂದ ಇಕ್ಕಳ ತಂದ. ಗುಬುಟಿನ ಎರಡೂ ಕಡೆ ಮೆಲ್ಲಗೆ ಒತ್ತಿದೆ, ಮೊದಲು ಎಡ, ಆಮೇಲೆ ಬಲ, ನೀವು ಒತ್ತುತ್ತಿದ್ದ ಹಾಗೇ. ಹಲ್ಲು ಹಲ್ಲಿಗೆ ಕಚ್ಚಿತು. ಆಮೇಲೆ ನನಗೆ ತಲೆ ಎತ್ತಲು ಪುರುಸೊತ್ತಿಲ್ಲ. ಶಾಲೆ ಚೀಲ, ಕೊಡೆಯ ಕವರು, ಒಬ್ಬಾಕೆಯ ಬೂಟು, ಒಬ್ಬರಂತೂ ತೊಟ್ಟುಕೊಂಡೇ ಇದ್ದ ಪ್ಯಾಂಟು. ಅದನ್ನು ನಿಮ್ಮ ಅಳಿಯನಿಗೆ ವಹಿಸಿದೆ. ಸಂಜೆಗೆ ಹದಿನೇಳು ಜಿಪ್ಪುಗಳು. ದರ್ಜಿಗಳು ಹೊಸ ಜಿಪ್ಪು ಹೊಲಿಯಬೇಕು ಅನ್ನುತ್ತಾರಂತೆ, ಅದರ ಖರ್ಚಿಗೆ ಹೊಸ ಬ್ಯಾಗೇ ಬರುತ್ತದಂತೆ, ಹಾಗಾಗಿ ಎಲ್ಲರ ಮನೆಯಲ್ಲೂ ಬಾಯಿ ಬಿಟ್ಟ ಚೀಲ ಒಂದಾದರೂ ಇದೆಯಂತೆ. ಇಪ್ಪತ್ತಮೂರು ಐಡಿಯಾಗಳಲ್ಲಿ ಇದು ಇರಲೇ ಇಲ್ಲ ನೋಡಿ. ಗೊತ್ತಿದ್ದ ಕೆಲಸ ಕೈಯಲ್ಲೇ ಇತ್ತು, ನಾವು ಫ್ರಿಜ್ಜಿನ ಬಾಗಿಲಲ್ಲಿ ಹುಡುಕುತ್ತಿದ್ದೆವು.

ಒಂದು ತಪ್ಪು ಮಾಡಿದೆ, ಕೇಳಿದರೆ ನಗುತ್ತೀರಿ. ಹದಿನೇಳರಲ್ಲಿ ಹನ್ನೊಂದನ್ನು ಪುಕ್ಕಟೆ ಮಾಡಿಕೊಟ್ಟೆ. ಎಷ್ಟು ಕೊಡಲಿ ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು, “ಇಷ್ಟಕ್ಕೆಲ್ಲ ಏನು ಕೊಡ್ತೀರಿ, ಹೋಗಿ ಬನ್ನಿ.” ಅದು ನನ್ನ ಮಾತಲ್ಲ, ನಿಮ್ಮದು. ಹನ್ನೆರಡನೆಯವರಿಗೂ ಅದನ್ನೇ ಹೇಳುವಷ್ಟರಲ್ಲಿ ಸೊಪ್ಪಿನವಳು ಎದ್ದು ಬಂದು ನನ್ನ ಮುಂದೆ ಡಬ್ಬಿ ಇಟ್ಟಳು. “ಕೆಲಸ ಮಾಡಿ ಕಾಸು ಕೇಳೋಕೆ ನಾಚಿಕೆ ಯಾಕಮ್ಮ? ಅವರಿಗೆ ಕೊಡೋಕೆ ನಾಚಿಕೆ ಇಲ್ಲ.” ಆಗ ನನಗೆ ಹೊಳೆದದ್ದನ್ನು ಹೇಳಲು ಇಷ್ಟೆಲ್ಲ ಬರೆದೆ. ನಮ್ಮ ಅಂಗಡಿ ಯಾಕೆ ಮುಚ್ಚಿತು ಎಂದು ನೀವು ಯಾವತ್ತೂ ಹೇಳಲಿಲ್ಲ. ವ್ಯಾಪಾರ ನನಗೆ ಒಗ್ಗುವುದಿಲ್ಲ ಅಂದಿರಿ ಅಷ್ಟೇ. ಆದರೆ ನನಗೆ ನೆನಪಿದೆ, ಅಂಗಡಿಯಲ್ಲಿ ಯಾವಾಗಲೂ ಜನ. ಎಲ್ಲರೂ ಹಳೆಯ ಬ್ಯಾಗು ಹಿಡಿದು ಬರುತ್ತಿದ್ದರು, ನೀವು ಪುಕ್ಕಟೆ ಸರಿ ಮಾಡಿ ಕಳಿಸುತ್ತಿದ್ದಿರಿ, ಗೋಡೆಯ ಮೇಲೆ ಹೊಸ ಬ್ಯಾಗುಗಳು ಧೂಳು ತಿನ್ನುತ್ತಿದ್ದವು. ನೀವು ಸೋಲಲಿಲ್ಲ ಅಪ್ಪಾ. ಯಾವುದು ನಿಮ್ಮ ವ್ಯಾಪಾರ ಅನ್ನುವುದನ್ನು ನೋಡಿಕೊಳ್ಳಲಿಲ್ಲ.

ಈಗ ತಿಂಗಳ ಕೊನೆಯ ಮಾತು. ನಮ್ಮ ಬೀದಿಯ ತಿರುವಿನಲ್ಲಿ ಗಡಿಯಾರ ರಿಪೇರಿಯ ಅಜ್ಜ ಇದ್ದಾರೆ. ಅವರ ಮೇಜು ಉದ್ದ, ಕೆಲಸ ಕಡಿಮೆ. ಅರ್ಧ ಮೇಜು ನಮಗೆ ಕೊಡುತ್ತಾರಂತೆ, ಅರ್ಧ ಬಾಡಿಗೆಗೆ. ಮೂವತ್ತೊಂದಕ್ಕೆ ಹೌದೋ ಅಲ್ಲವೋ ಹೇಳಬೇಕು. ಇಕ್ಕಳ ಎರಡು, ಮೇಣಕ್ಕೆ ನಮ್ಮಲ್ಲೇ ಇರುವ ಮೂವತ್ತೆಂಟು ಬತ್ತಿ, ಗುಬುಟುಗಳಿಗೆ ಅಮ್ಮ ಇನ್ನೂ ಎಸೆಯದೆ ಇಟ್ಟಿರುವ, ಅಂಗಡಿ ಕಾಲದ ಗುಬುಟು ತುಂಬಿದ ನಿಮ್ಮ ಬಿಸ್ಕತ್ತಿನ ಡಬ್ಬಿ. ಮೂರು ತಿಂಗಳು ಮಾಡಿ ನೋಡುತ್ತೇವೆ, ಸೋತರೂ ಅಷ್ಟು ದಿನದ ಅರ್ಧ ಬಾಡಿಗೆಯಷ್ಟೇ ಹೋಗುವುದು. ಎಲ್ಲ ಸರಿಯಿದೆ. ಆದರೆ ನಿಮಗೆ ಹೂಂ ಅಂದವಳು ನಾನು, ನೀವು ಆ ಮಾತಿನಿಂದ ಬಿಡಿಸದೆ ಆ ಮೇಜಿನ ಮುಂದೆ ಕೂರಲಾರೆ. ಬೈಯುವುದಿದ್ದರೂ ಬೈದು, ಕೊನೆಯಲ್ಲಿ ಆಗಲಿ ಅನ್ನಿ.

ಅಮ್ಮ ಆರೋಗ್ಯವಾಗಿದ್ದಾಳೆ, ನಿಮ್ಮ ಹಳೆಯ ಸ್ವೆಟರು ಹಾಕಿಕೊಂಡು ಓಡಾಡುತ್ತಾಳೆ. ಅಳಿಯನ ನಮಸ್ಕಾರಗಳು. ಸಮುದ್ರ ನಿಮ್ಮ ಮಟ್ಟಿಗೆ ಶಾಂತವಾಗಿರಲಿ, ಮೊಣಕಾಲು ಅದಕ್ಕಿಂತ ಶಾಂತವಾಗಿರಲಿ.

ನಿಮ್ಮ ಪ್ರೀತಿಯ,
ವಟವಟ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಇವನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಹಡಗಿನವರು ಇನ್ನೆರಡು ವರ್ಷಕ್ಕೆ ಸಹಿ ಕೇಳುತ್ತಿದ್ದಾರೆಂದು ಅಮ್ಮ ಹೇಳಿದಳು. ನನ್ನ ಪತ್ರಕ್ಕೆ ಉತ್ತರ ಬರೆಯುವವರೆಗೆ ಅದಕ್ಕೆ ಸಹಿ ಹಾಕಬೇಡಿ. ನಿಮ್ಮ ಹಳೆಯ ಬೋರ್ಡನ್ನು ಅಮ್ಮನ ಮನೆಯ ಅಟ್ಟದಿಂದ ಇಳಿಸಿದ್ದೇವೆ, ಈ ಸಲ ಏಣಿ ಹಿಡಿದವನು ನಿಮ್ಮ ಅಳಿಯ. ಹಿಂಬದಿ ಖಾಲಿ ಇದೆ, ಬರೆಸಬಹುದು. ಗಡಿಯಾರದ ಅಜ್ಜ ನಮಗೆಷ್ಟು ಸ್ಟೂಲು ಬೇಕೆಂದು ಕೇಳಿದರು. ಇವನು ಎರಡು ಅಂದ. ನಾನು ಮೂರು ಅಂದಿದ್ದೇನೆ, ಒಂದಕ್ಕೆ ಮೆತ್ತೆ ಇರಲಿ, ಕೂರುವವರಿಗೆ ಮೊಣಕಾಲು ನೋವು ಅಂತಲೂ ಹೇಳಿದ್ದೇನೆ.