ಧೋತರದ ಮೇಲಿನ ಲಿಂಬೆಹಣ್ಣು

ಅಜನಿ, ನಾಗಪುರ
೬ ಏಪ್ರಿಲ್ ೨೦೨೫

ಶ್ರೀಕಾಂತ ಅವರಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಕಾಣುವ ಗೀಟು ಅದೇ. ಫೋನಿನಲ್ಲಿ ಹೇಳೋಣವೆಂದರೆ ನಾನು ಒಂದು ಮಾತಾಡುವಷ್ಟರಲ್ಲಿ ನೀವು ಹತ್ತು ಆಡುತ್ತೀರಿ, ಇಲ್ಲವೇ ನಿಮ್ಮ ದೂರದರ್ಶಕವಿರುವ ಲಡಾಖಿನ ಗುಡ್ಡದಲ್ಲಿ ಸಿಗ್ನಲ್ ಹೋಗುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಸಿಟ್ಟು ಬಂದರೆ ನನಗೆ ಮರಾಠಿ ಬರುತ್ತದೆ ಎಂದು ನಗುತ್ತಿದ್ದಿರಲ್ಲ, ಈ ಸಲದ ಸಿಟ್ಟು ಕನ್ನಡದಲ್ಲೇ ಬಂದಿದೆ. ಪೂರ್ತಿ ಓದಿ.

ಫೆಬ್ರವರಿಯ ಆ ಸಂಜೆ ನೆನಪಿದೆಯೇ? ಸ್ಕ್ಯಾನಿಂಗಿಗೆ ನನ್ನ ಜೊತೆ ಬರಲೆಂದು ರಜೆ ಹಾಕಿ ಬಂದಿದ್ದಿರಿ. ಟಿವಿಯಲ್ಲಿ ಬೆಳಗಿನಿಂದ ಒಂದೇ ಸುದ್ದಿ. ೨೦೩೨ಕ್ಕೆ ಭೂಮಿಗೆ ಬಡಿಯಬಹುದಾದ ಕಲ್ಲು, ಅದು ಬೀಳಬಹುದಾದ ದಾರಿಯಲ್ಲಿ ನಮ್ಮ ದೇಶವೂ ಇದೆ, ಸಾಧ್ಯತೆ ಏರುತ್ತಲೇ ಇದೆ ಎಂದು. ಮೂವತ್ತೆರಡರಲ್ಲಿ ಒಂದು ಪಾಲು ಎನ್ನುವಲ್ಲಿಗೆ ಬಂದು ನಿಂತಿತ್ತು. ಪಕ್ಕದ ಮನೆಯ ದೇಶಮುಖ ಕಾಕು ಕಣ್ಣಲ್ಲಿ ನೀರು ತಂದುಕೊಂಡು ಬಂದರು. ಮಗನಿಗೆ ಫ್ಲ್ಯಾಟ್ ಬುಕ್ ಮಾಡುವುದೋ ಬೇಡವೋ ಎಂಬುದು ಅವರ ಚಿಂತೆ. ಆಕಾಶದ ಕಲ್ಲುಗಳ ಜಾಡು ಹಿಡಿಯುವ ಅಳಿಯ ಮನೆಯಲ್ಲೇ ಇರುವಾಗ ಬೇರೆ ಯಾರನ್ನು ಕೇಳಬೇಕು ಎಂದು ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ.

ನೀವು ಅಪ್ಪನ ಹಳೆಯ ಧೋತರವನ್ನು ನೆಲದ ಮೇಲೆ ಉದ್ದಕ್ಕೆ ಹಾಸಿದಿರಿ. ಅದರ ಮೇಲೆ ಒಂದು ಲಿಂಬೆಹಣ್ಣು ಇಟ್ಟಿರಿ. ಆ ದಿನ ಕಲ್ಲು ಎಲ್ಲೆಲ್ಲಿ ಇರಬಹುದೋ ಅಷ್ಟೂ ಜಾಗ ಈ ಧೋತರ, ಲಿಂಬೆಹಣ್ಣು ನಮ್ಮ ಭೂಮಿ ಎಂದಿರಿ. ದೂರದರ್ಶಕದಲ್ಲಿ ಹೆಚ್ಚು ಹೆಚ್ಚು ನೋಡಿದಂತೆ ಅನುಮಾನದ ಜಾಗ ಕಡಿಮೆಯಾಗುತ್ತದೆ ಎನ್ನುತ್ತ ಧೋತರವನ್ನು ಎರಡೂ ಕಡೆಯಿಂದ ಮಡಚುತ್ತ ಬಂದಿರಿ. ಧೋತರ ಚಿಕ್ಕದಾದಷ್ಟೂ ಅದರಲ್ಲಿ ಲಿಂಬೆಹಣ್ಣಿನ ಪಾಲು ಹೆಚ್ಚಾಯಿತು. ಕಾಕು ಸೆರಗು ಬಾಯಿಗಿಟ್ಟುಕೊಂಡರು. ಆಗ ಹಣ್ಣಿನ ಕೆಳಗಿನಿಂದ ಮೆಲ್ಲಗೆ ಇನ್ನೊಂದು ಮಡಿಕೆ ಎಳೆದಿರಿ. ಹಣ್ಣು ಬರೀ ನೆಲದ ಮೇಲೆ ಕೂತಿತ್ತು.

“ಏರೇತಿ ಅಂದ್ರ ಬಿತ್ತು ಅಂತಲ್ರಿ, ಇನ್ನೂ ನೋಡೂದು ಉಳದೈತಿ ಅಂತ ಅಷ್ಟ” ಎಂದಿರಿ. ನಾನು ಅದನ್ನು ಕಾಕುವಿಗೆ ಮರಾಠಿಯಲ್ಲಿ ಹೇಳಿದೆ. ಅವರು ಸಮಾಧಾನವಾಗಿ ಹೋಗಿ, ಮರುದಿನ ಬೆಳಿಗ್ಗೆ ಡಬ್ಬಿ ತುಂಬ ತರ್ರಿ ಪೋಹೆ, ಅದೇ ಖಾರದ ಸಾರು ಸುರಿದ ಅವಲಕ್ಕಿ, ಕಳಿಸಿದರು. ನೀವೇ ಎರಡು ಸಲ ಹಾಕಿಸಿಕೊಂಡು ತಿಂದಿರಿ.

ಪೋಹೆ ಬಂದ ದಿನವೇ ನನ್ನ ಸ್ಕ್ಯಾನ್. ಮಗುವಿಗೆ ತೊಂದರೆಯಿರುವ ಸಾಧ್ಯತೆ ರಕ್ತದ ಪರೀಕ್ಷೆಯಲ್ಲಿ ಇನ್ನೂರರಲ್ಲಿ ಒಂದು ಎಂದಿದ್ದದ್ದು, ಮಗುವಿನ ಕುತ್ತಿಗೆಯ ಹಿಂದಿನ ಅಳತೆ ಸೇರಿಸಿದಾಗ ಅರವತ್ತರಲ್ಲಿ ಒಂದಾಯಿತು. ಇದು ಅಂದಾಜು ಮಾತ್ರ, ತಿಂಗಳು ಬಿಟ್ಟು ಗರ್ಭದ ನೀರು ತೆಗೆದು ಪರೀಕ್ಷೆ ಮಾಡಿದರೆ ಡೌನ್ ಸಿಂಡ್ರೋಮ್ ಎಂಬ ಬುದ್ಧಿಮಾಂದ್ಯದ ತೊಂದರೆ ಇದೆಯೋ ಇಲ್ಲವೋ ಖಚಿತ ಗೊತ್ತಾಗುತ್ತದೆ, ಅಲ್ಲಿಯವರೆಗೆ ಕಾಯಿರಿ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ನಿಮ್ಮದೇ ಮಾತನ್ನು ನಿಮಗೇ ಹೇಳಿದ ಹಾಗಿತ್ತು. ಮನೆಗೆ ಬರುವಾಗ ಆಟೋ ಧರಮಪೇಠ ದಾಟುವ ಮೊದಲೇ ಬಾಯಿ ಬಿಟ್ಟಿರಿ.

“ಸುಮ್ನ ರಿಸ್ಕ್ ಯಾಕ, ರಂಜನಿ? ಈಗ ಮುಗಿಸಿಬಿಡೂಣು.”

ಪರೀಕ್ಷೆಗಿಂತ ಮೊದಲೇ! ಮೂವತ್ತೆರಡರಲ್ಲಿ ಒಂದು ಎಂದಾಗ ಇಡೀ ಓಣಿಗೆ ನಿದ್ದೆ ಮಾಡಿ ಎಂದವರು, ಅರವತ್ತರಲ್ಲಿ ಒಂದು ಎಂದ ಕೂಡಲೇ ನಿಮ್ಮ ಮಗುವನ್ನು ಮುಗಿಸಲು ಹೊರಟಿರಿ. ಟಿವಿಯವರನ್ನು ಮೂರ್ಖರೆಂದು ಬೈಯುತ್ತಿದ್ದಿರಲ್ಲ, ಅವರಾದರೂ ಸಂಖ್ಯೆ ತೋರಿಸಿ ಸುಮ್ಮನಾದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಅವ್ವ ಅಂದದ್ದು ನಿಮ್ಮ ಕಿವಿಗೆ ಬೀಳಲೆಂದೇ. ಕಲ್ಲಿನದು ಬೇರೆ, ಇದು ಬೇರೆ ಎಂದಿರಿ. ಬೇರೆ, ನಿಜ. ಆ ಕಲ್ಲನ್ನು ಯಾರೂ ಹೊತ್ತಿರಲಿಲ್ಲ.

ನಿಮ್ಮ ಭಯ ನನಗೆ ಅರ್ಥವಾಗುವುದಿಲ್ಲವೆಂದು ತಿಳಿಯಬೇಡಿ. ನನಗೆ ಈಗ ಮೂವತ್ತೊಂಬತ್ತು, ನಾವು ಹೋದ ಮೇಲೆ ಮಗುವಿಗೆ ಯಾರು ಎಂಬ ಪ್ರಶ್ನೆ ನಿಮಗಿಂತ ಮೊದಲು ನನಗೇ ಬಂದಿತ್ತು. ಇದನ್ನೂ ಬರೆದುಬಿಡುತ್ತೇನೆ. ಡಾಕ್ಟರಮ್ಮನ ಕೋಣೆಯಲ್ಲಿ ಕೂತಾಗ ಮುಗಿಸಿಬಿಡುವ ಮಾತು ನನ್ನ ಬಾಯಿಯ ತನಕ ಬಂದಿತ್ತು. ನುಂಗಿಕೊಂಡೆ. ಯಾಕೆಂದರೆ ನೀವಿದ್ದೀರಿ, ಮನೆಗೆ ಹೋದ ಕೂಡಲೇ ನನಗೂ ಆ ಧೋತರ ಹಾಸಿ ತೋರಿಸುತ್ತೀರಿ, ಇನ್ನೂ ನೋಡೂದು ಉಳದೈತಿ ಎನ್ನುತ್ತೀರಿ ಎಂದು ಕಾದಿದ್ದೆ. ದೇಶಮುಖ ಕಾಕುವಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲ.

ಆ ವಾರವೇ ಕಲ್ಲಿನ ಸಂಖ್ಯೆ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನೀವು ಗುಂಪು ಗುಂಪಿಗೆ ಮೆಸೇಜು ಹಾಕಿ, ನಾವು ಹೇಳಿದ್ದೇ ಆಯಿತು ನೋಡಿ ಎಂದು ಸಂಭ್ರಮಪಟ್ಟಿರಿ. ಮರುದಿನ ಡ್ಯೂಟಿ ಎಂದು ಹೊರಟೇಬಿಟ್ಟಿರಿ. ಮುಂದಿನ ತಿಂಗಳು ಆ ನೀರು ತೆಗೆಯಲು ಸೂಜಿ ಚುಚ್ಚಿದ ದಿನ ನನ್ನ ಕೈ ಹಿಡಿದವಳು ಅವ್ವ. ಗಾಬರಿಗೆ ನಾನು ಏನೋ ಬಡಬಡಿಸುತ್ತಿದ್ದರೆ ಆಕೆ, “ಏನ್ ಆಗೂದೈತೋ ಆಗಲಿ, ಮೊದಲ ಎರಡು ತುತ್ತು ಉಣ್ಣು” ಎಂದಳು. ಓದು ಬರಹ ಬಾರದ ನಮ್ಮವ್ವ ಯಲ್ಲಮ್ಮ ಹೇಳಿದ್ದು ಅಷ್ಟೇ. ನನಗೆ ಅಷ್ಟೇ ಬೇಕಾಗಿತ್ತು.

ಅಂದಿನಿಂದ ನಿಮ್ಮಿಂದ ದಿನಾ ಒಂದೇ ಮೆಸೇಜು, ‘ರಿಸಲ್ಟ್ ಬಂತೇನು?’ ಊಟ ಆಯಿತೇ ಎಂದಿಲ್ಲ, ನಿದ್ದೆ ಬರುತ್ತಿದೆಯೇ ಎಂದಿಲ್ಲ. ನಾನೂ ದಿನಾ ‘ಇಲ್ಲ’ ಎಂದು ಹಾಕುತ್ತೇನೆ. ಆ ಕಲ್ಲು ಈಗ ಚಂದ್ರನಿಗೆ ಬಡಿಯಬಹುದು ಎಂದು ಪೇಪರಿನಲ್ಲಿ ಬಂದಿದೆ. ಚಂದ್ರನ ಮೇಲಾದರೂ ನಿಮಗೆ ತಾಳ್ಮೆ ಇರಲಿ.

ಡೈವೋರ್ಸ್ ಕೊಡುತ್ತೀಯಾ ಎಂದು ಅಪ್ಪ ಕೇಳಿದರು. ಕೊಡುವ ಸಾಧ್ಯತೆ ಏರಿದೆ ಎಂದೆ. ಅವರು ನಗಲಿಲ್ಲ. ನಾನೂ ನಗಿಸಲೆಂದು ಹೇಳಿರಲಿಲ್ಲ.

ಇಂತಿ,
ಇನ್ನೂ ನಿಮ್ಮ ಹೆಂಡತಿಯೇ ಆಗಿರುವ
ರಂಜನಿ

ಮರೆತಿದ್ದೆ: ರಿಸಲ್ಟ್ ಬಂದು ವಾರವಾಯಿತು. ನಾನು ಕಳಿಸಿದ ‘ಇಲ್ಲ’ಗಳೆಲ್ಲ ಸುಳ್ಳು. ಏನು ಬಂದಿದೆ ಎಂದು ಇಲ್ಲೂ ಬರೆಯುವುದಿಲ್ಲ. ನೀವು ಬರುವುದಾದರೆ ಅದು ಗೊತ್ತಿಲ್ಲದೆಯೇ ಬರಬೇಕು. ಬಾಗಿಲಲ್ಲಿ ನಿಂತು ಮೊದಲು ರಿಸಲ್ಟ್ ಕೇಳಿದರೆ ಹಾಗೇ ತಿರುಗಿ ಹೋಗಿ. ಏನೇ ಬಂದಿರಲಿ, ಈ ಮಗುವನ್ನು ನಾನು ಹೆರುತ್ತೇನೆ. ನಿನ್ನೆ ಅದು ಮೊದಲ ಸಲ ಒದೆಯಿತು. ಹುಟ್ಟುವ ಮೊದಲು ಹೊಸ ಬಟ್ಟೆ ತರಬಾರದಂತೆ, ಹಳೆಯದಕ್ಕೆ ಅಡ್ಡಿಯಿಲ್ಲವಂತೆ. ಅದಕ್ಕೆ ಅವ್ವ ಇವತ್ತು ಮಗುವಿಗೆ ಸುತ್ತಲೆಂದು ಆ ಧೋತರವನ್ನೇ ಹರಿದು, ಒಗೆದು, ಮಡಚಿ ಇಟ್ಟಿದ್ದಾಳೆ.