ಎಣ್ಣೆ ಉಸುಕಿನ ಅಂಗಳ

ಹುಬ್ಬಳ್ಳಿ,
ತಾ. ೧೦-೫-೧೯೬೪

ತಾಯಿ ಸಮಾನಳಾದ ಅಕ್ಕ ಸತ್ಯವ್ವಗೆ ನಿನ್ನ ತಮ್ಮ ಯಂಕಣ್ಣ ಮಾಡುವ ನಮಸ್ಕಾರಗಳು.

ನಾವಿಲ್ಲಿ ಆರಾಮ ಇದ್ದೇವೆ. ನೀನು, ಮಾವ, ಪಾಪು ಆರಾಮ ಇದ್ದೀರಿ ಎಂದು ತಿಳಿದಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲು ಎಷ್ಟೋ ಸಲ ಕುಳಿತು ಎದ್ದುಬಿಟ್ಟೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ಕೈಯಾರೆ ಕಾಯ್ದ ಮೈದಾನವನ್ನು ಅಪ್ಪ ಕೈಯಾರೆ ಕೆಡಿಸಿದನಲ್ಲ, ಈ ವಯಸ್ಸಿನಲ್ಲಿ ಬುದ್ಧಿ ಎಲ್ಲಿಗೆ ಹೋಗಿತ್ತು ಎಂದು ಬರೆದಿದ್ದೀಯಲ್ಲ, ಅಪ್ಪನಿಗೆ ಓದಿ ಹೇಳುವಾಗ ಆ ಸಾಲು ಬಿಟ್ಟು ಓದಿದೆ. ಅಕ್ಕಾ, ಅಗೆದದ್ದು ಅಪ್ಪ ಅಲ್ಲ, ನಾನು.

ಹೋದ ದೀಪಾವಳಿಗೆ ಬೆಂಗಳೂರಿಗೆ ಬಂದಾಗ ಗೋವಿಂದಪ್ಪ ಮಾವ ತಾವು ಕೆಲಸ ಮಾಡುವ ಗಾಲ್ಫ್ ಮೈದಾನ ತೋರಿಸಿದ್ದರು. ಚೆಂಡು ಬೀಳುವ ಕುಳಿಯ ಸುತ್ತ ಮಕಮಲ್ಲು ಹಾಸಿದಂಥ ಹುಲ್ಲು. ನಮ್ಮ ಉಣಕಲ್ ಹಾದಿಯ ಮೈದಾನದಲ್ಲಿ ಬೇಸಿಗೆಗೆ ಹುಲ್ಲು ನಿಲ್ಲುವುದಿಲ್ಲ, ಅದಕ್ಕೇ ಇಂಗ್ಲಿಷ್ ಸಾಹೇಬರು ಕುಳಿಯ ಸುತ್ತ ಹಳ್ಳದ ಉಸುಕಿಗೆ ಎಂಜಿನ್ನಿನ ಸುಟ್ಟ ಎಣ್ಣೆ ಕಲಸಿ ಅಂಗಳ ಮಾಡಿಸಿದ್ದರು, ಒಬ್ಬರು ಆಡಿ ಹೋದ ಮೇಲೆ ಅಪ್ಪ ಗೋಣಿಚೀಲ ಎಳೆದು ಹೆಜ್ಜೆ ಅಳಿಸುತ್ತಾನೆ ಎಂದು ಹೇಳಿದೆ. ಮಾವ ಎಲ್ಲರೆದುರು ನಕ್ಕರು. "ನಿಮ್ಮೂರಾಗ ಚೆಂಡ ಆಡ್ತೀರೋ, ಗಾಣಾ ತಿರವ್ತೀರೋ?" ಅಂದರು. ನೀನೂ ಸೆರಗು ಬಾಯಿಗಿಟ್ಟು ನಕ್ಕೆ. ಅದು ನನ್ನೊಳಗೆ ನಟ್ಟಿತು.

ಸಂಕ್ರಾಂತಿ ಆದ ಮೇಲೆ ಕ್ಲಬ್ಬಿನ ಕಾರ್ಯದರ್ಶಿ ಶಾಂತಯ್ಯನವರು ಒಂದು ಸುದ್ದಿ ತಂದರು. ಪುಣೆಯ ಪಂಢರಿನಾಥ ಸಾಹೇಬರು ಬರುವವರಿದ್ದಾರೆ, ದೇಶದಲ್ಲಿ ಹೋಗಿ ಆಡಲೇಬೇಕಾದ ಹಳೆಯ ಮೈದಾನಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಾರೆ ಎಂದರು. ವಿದ್ಯಾನಗರದ ಕಡೆಯಿಂದ ಮನೆಗಳು ಬೆಳೆಯುತ್ತ ಬಂದು ನಮ್ಮ ಮೈದಾನದ ಮೇಲೂ ಪ್ಲಾಟು ಮಾಡಿ ಮಾರುವವರ ಕಣ್ಣು ಬಿದ್ದಿತ್ತು. "ಆ ಪುಸ್ತಕದಾಗ ನಮ್ಮ ಹೆಸರ ಬಂತಂದ್ರ ಇದನ್ನ ಯಾರೂ ಮುಟ್ಟೂದಿಲ್ಲ, ರಾಮಪ್ಪ. ಮೈದಾನದಾಗಿನ ನಿನ್ನ ಮನೀನೂ ಉಳೀತದ" ಎಂದು ಅಪ್ಪನಿಗೆ ಹೇಳಿಹೋದರು.

ಅಷ್ಟರಲ್ಲಿ ಮುತ್ತವ್ವ ಅತ್ತೆಗೆ ಜ್ವರವೆಂದು ಅಪ್ಪ ಶಿರಗುಪ್ಪಿಗೆ ಹೋದ. ನನಗೆ ಸುಮ್ಮನೆ ಕೂರುವುದು ಗೊತ್ತಿಲ್ಲ, ಮೆಟ್ರಿಕ್ ಆದ ಮೇಲೆ ಹಿಡಿದ ಕೆಲಸವನ್ನೆಲ್ಲ ಬಿಟ್ಟವನು ನಾನು. ಪುಣೆಯವರ ಮುಂದೆಯೂ ಈ ಕರಿ ಉಸುಕು ತೋರಿಸಿ ನಗಿಸಿಕೊಳ್ಳಬೇಕೇ ಅನ್ನಿಸಿತು. ಒಂಬತ್ತು ಕುಳಿಗಳ ಸುತ್ತಲಿನ ಒಂಬತ್ತೂ ಅಂಗಳ ಅಗೆದೆ. ಎಣ್ಣೆ ಉಸುಕನ್ನು ಹಳ್ಳಕ್ಕೆ ಸುರಿದೆ. ಕೆಮ್ಮಣ್ಣು ತುಂಬಿ, ಉಣಕಲ್ ಕೆರೆ ದಂಡೆಯ ಕರಿಕೆ ಹುಲ್ಲನ್ನು ಚಕ್ಕಡಿಯಲ್ಲಿ ತಂದು ನೆಟ್ಟೆ. ಮೊದಲ ದಿನ ನೋಡಬೇಕಿತ್ತು ಅಕ್ಕಾ, ಎಲ್ಲ ಹಸಿರು. ಮಾವನನ್ನು ಕರೆತಂದು ತೋರಿಸಬೇಕು ಅನ್ನಿಸಿತು.

ಅಪ್ಪ ಬಂದು ನೋಡಿ, ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. ಬೈಯಲಿಲ್ಲ. "ಬ್ಯಾಸಗಿ ಬಂತು ಯಂಕಣ್ಣ. ನೀರ ಎಲ್ಲಿಂದ ತರ್ತಿ?" ಅಂದ, ಅಷ್ಟೇ. ಹೊಸದಾಗಿ ಕಲಸಿದ ಉಸುಕು ಬಿಗಿಯಾಗಲು ವರ್ಷಗಳು ಬೇಕಂತೆ, ಅಲ್ಲಿಯವರೆಗೆ ಕಾಲಿಟ್ಟರೆ ಹೂತುಹೋಗುತ್ತದಂತೆ. ಅದಕ್ಕೇ ಬೇರೆ ದಾರಿ ಇಲ್ಲದೆ ನಾನು ನೆಟ್ಟ ಹುಲ್ಲಿಗೇ ಕೆರೆಯಿಂದ ಕೊಡ ಹೊತ್ತು ನೀರು ಹಾಕತೊಡಗಿದ. ನಾನೂ ಹೊತ್ತೆ. ಆದರೂ ಕರಿಕೆ ಹಳದಿಯಾಯಿತು, ಮಣ್ಣು ಬಿರಿಯಿತು.

ಯುಗಾದಿಗೆ ಮೊದಲು ಸಾಹೇಬರು ಬಂದರು. ಒಣಗಿದ ಅಂಗಳದ ಅಂಚಿಗೆ ನಿಂತು, ಕೋಲನ್ನು ಚೀಲದಿಂದ ತೆಗೆಯಲೇ ಇಲ್ಲ. ಯಾರು ಅಗೆದರು ಎಂದು ಕೇಳಿದರು. "ನಾನ ಅಗದ್ನಿರಿ. ಹಸರ ಇದ್ರ ಛಂದ ಕಾಣಸ್ತದ ಅನಿಸ್ತ್ರಿ" ಅಂದ ಅಪ್ಪ. ಸಾಹೇಬರು ದನಿ ಏರಿಸಲಿಲ್ಲ. "ಹಸರ ನಮ್ಮ ಪುಣೇದಾಗೂ ಅದ, ರಾಮಪ್ಪ. ಇಂಥಾ ಹಳೀ ಉಸುಕಿನ ಅಂಗಳ ಎಲ್ಲೂ ಉಳದಿಲ್ಲ. ನಾ ಅದನ್ನ ನೋಡ್ಲಿಕ್ಕೇ ಬಂದಿದ್ದೆ" ಅಂದರು. ಚಹಾ ಕುಡಿದು ಬೆಂಗಳೂರಿನ ರೈಲಿಗೆ ಹೋದರು. ಅವರೇ ಅಲ್ಲಿ ಹೇಳಿರಬೇಕು, ಅದು ಮಾವನ ಕಿವಿಗೆ ಬಿದ್ದಿದೆ.

ಪುಸ್ತಕದಲ್ಲಿ ನಮ್ಮ ಹೆಸರು ಬರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಪ್ಲಾಟಿನವರು ಮೈದಾನ ಅಳೆಯಲು ಬರುತ್ತಾರಂತೆ. ಮನೆ ಬಿಡಬೇಕಾಗುತ್ತದೆ ಎಂದು ಶಾಂತಯ್ಯನವರು ಅಪ್ಪನ ಮುಖ ನೋಡದೆ ಹೇಳಿದರು. ಮುದುಕನಿಗೆ ಅರಳುಮರಳು ಎಂದು ಕ್ಲಬ್ಬಿನವರು ಮಾತಾಡಿಕೊಳ್ಳುತ್ತಾರೆ. ಅಪ್ಪ ಕೇಳಿಯೂ ಕೇಳದವನಂತೆ ಇರುತ್ತಾನೆ. ಊಟಕ್ಕೆ ಕುಳಿತರೆ ಮೆತ್ತಗಿನ ರೊಟ್ಟಿ ನನ್ನ ತಾಟಿಗೆ ಹಾಕುತ್ತಾನೆ.

ಅಪ್ಪನ ಮೇಲೆ ಸಿಟ್ಟು ಮಾಡಬೇಡ. ಮಾವನಿಗೂ ಖರೆ ಸಂಗತಿ ಹೇಳು. ಪಾಪುಗೆ ನನ್ನ ಆಶೀರ್ವಾದ, ಅದಕ್ಕೆ ಅಜ್ಜನ ಗುಣ ಬರಲಿ, ಸೋದರಮಾವನದು ಬೇಡ.

ನಿನ್ನ ತಮ್ಮ,
ಯಂಕಣ್ಣ

ತಾ.ಕ.: ಮೇಲೆ ಬರೆದದ್ದು ಪೂರ್ತಿ ಅಲ್ಲ. ಯಾರು ಅಗೆದರು ಎಂದು ಸಾಹೇಬರು ಮೊದಲು ಕೇಳಿದ್ದು ಅಪ್ಪನನ್ನಲ್ಲ, ನನ್ನನ್ನು. ಅಪ್ಪ ಕೊಡ ಹೊತ್ತು ದೂರದಲ್ಲಿ ಬರುತ್ತಿದ್ದ, ಪ್ರಶ್ನೆ ಅವನಿಗೆ ಕೇಳಿರಲೇ ಇಲ್ಲ. ನಾನು ಕೈ ಎತ್ತಿ ಅವನನ್ನು ತೋರಿಸಿದೆ. ಅವನು ಹತ್ತಿರ ಬಂದಾಗ ಸಾಹೇಬರು ಮತ್ತೆ ಕೇಳಿದರು. ಅಪ್ಪ ಕೊಡ ಕೆಳಗಿಟ್ಟ, ನನ್ನ ಮುಖ ಒಮ್ಮೆ ನೋಡಿದ, ಆಮೇಲೆ "ನಾನ ಅಗದ್ನಿರಿ" ಅಂದ.