ಮೊದಲು ರುಚಿ ನೋಡುವವರು

ಭಾನುವಾರ, ಮಧ್ಯಾಹ್ನ

ಗುಬ್ಬಿಯ ಅಪ್ಪನಿಗೆ,

ನಿಮ್ಮ ಕಾಗದ ತಲುಪಿತು. ರಜೆಗೆ ಗುಬ್ಬಿಯನ್ನು ಒಂದು ತಿಂಗಳ ಮಟ್ಟಿಗೆ ಕಳುಹಿಸಬೇಕೆಂದು ಬರೆದಿದ್ದೀರಿ. ಕಾಲುವೆ ದಂಡೆಯಲ್ಲಿ ಹಣ್ಣು ಬಿಟ್ಟಿದೆ, ಗಿಡಗಳ ಗುರುತು ಮರೆಯುವ ಮುಂಚೆ ಬರಲಿ ಎಂದೂ ಇದೆ. ನಾನು ಹೇಗಿದ್ದೇನೆಂದು ಕೇಳಿದ ಒಂದು ಸಾಲಾದರೂ ಇರಬಹುದೆಂದು ಹಾಳೆ ಮಗುಚಿ ನೋಡಿದೆ. ಖಾಲಿ. ಇರಲಿ, ಚೆನ್ನಾಗಿದ್ದೇನೆ.

ಅವಳನ್ನು ಕಳುಹಿಸುವುದಿಲ್ಲ. ಕೊನೆಯಲ್ಲಿ ಬರೆದರೆ ನೀವು ಅಲ್ಲಿಯವರೆಗೆ ಓದುವವರಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಒಂದು ಬಿಸ್ಕತ್ತಿನ ಪೊಟ್ಟಣಕ್ಕೆ ಜಗಳ ತೆಗೆದು ಹೆಂಡತಿ ಮನೆ ಬಿಟ್ಟಳೆಂದು ಕಂಡಕಂಡವರ ಮುಂದೆ ಹೇಳಿಕೊಂಡಿದ್ದೀರಿ. ಸುತ್ತಿ ಬಳಸಿ ನಮ್ಮಕ್ಕನ ಕಿವಿಗೂ ಬಿತ್ತು. ನಾನು ಪೊಟ್ಟಣ ತಂದಿದ್ದೂ ನಿಜ, ಅಂಗಡಿಯ ತಿಂಡಿಯೆಂದು ನೀವು ಅದನ್ನು ಕಿಟಕಿಯಿಂದ ಆಚೆ ಎಸೆದಿದ್ದೂ ನಿಜ. ಆದರೆ ನಾನು ಮನೆ ಬಿಟ್ಟಿದ್ದು ಅದಕ್ಕಲ್ಲ ಎಂದು ನನಗಿಂತ ಚೆನ್ನಾಗಿ ನಿಮಗೇ ಗೊತ್ತು. ನಾನು ಮಾತ್ರ ಅಕ್ಕನ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. ಇಂಥದ್ದನ್ನೆಲ್ಲ ಸಹಿಸಿಕೊಂಡು ಕೂತಿದ್ದೆಯಾ ಎಂದು ಅವಳು ಕೇಳಿದರೆ ಮುಖ ಎಲ್ಲಿಟ್ಟುಕೊಳ್ಳಲಿ?

ತಾನಾಗಿ ಬೆಳೆದ ಸೊಪ್ಪು, ಹಣ್ಣು ಹುಡುಕಿ ತಂದು ತಿನ್ನುವ ನಿಮ್ಮ ಹುಚ್ಚಿನಲ್ಲಿ ಮೊದಮೊದಲು ನನಗೂ ಖುಷಿಯಿತ್ತು, ಇಲ್ಲವೆನ್ನುವುದಿಲ್ಲ. ಬಸ್ ಡಿಪೋ ಹಿಂದಿನ ಪಾಳು ಜಾಗದಲ್ಲಿ ನಾವಿಬ್ಬರೂ ಬಗ್ಗಿ ಸೊಪ್ಪು ಕೀಳುತ್ತಿದ್ದಾಗ, ಏನಮ್ಮ ಕಿವಿಯೋಲೆ ಕಳ್ಕೊಂಡ್ರಾ ಎಂದು ಡ್ರೈವರೊಬ್ಬರು ಬಸ್ಸಿನಿಂದ ಇಳಿದು ಬಂದು ನಮ್ಮ ಜೊತೆ ಹುಡುಕಲು ಶುರುಮಾಡಿದ್ದರು. ಅವರಿಗೂ ಒಂದು ಹಿಡಿ ಸೊಪ್ಪು ಕೊಟ್ಟು ಕಳಿಸಿದೆವು. ಮನೆ ಮುಟ್ಟುವವರೆಗೂ ನಕ್ಕಿದ್ದೆವು.

ಆಮೇಲೆ ಅದು ಹಟವಾಯಿತು. ಭಾನುವಾರ ಜನರನ್ನು ಕಟ್ಟಿಕೊಂಡು ಹೊರಟಿರಿ, ಪೇಟೆಗೆ ಹೋಗದೆಯೂ ಹೊಟ್ಟೆ ತುಂಬುತ್ತದೆ ಎಂದು ಭಾಷಣ ಬಿಗಿದಿರಿ, ಅವರು ನಿಮ್ಮನ್ನು ಗುರುಗಳೇ ಎಂದರು. ನಾನು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಬಂದು ಗುರುಗಳ ಸೊಪ್ಪಿನ ಮಣ್ಣು ತೊಳೆಯುತ್ತಿದ್ದೆ. ಅಂಗಡಿಯೆಂದರೆ ಮೂಗು ಮುರಿಯುವವರ ಮನೆ ಬಾಡಿಗೆ ಅಂಗಡಿಯ ಸಂಬಳದಲ್ಲೇ ಹೋಗುತ್ತಿತ್ತು. ಅದನ್ನೂ ನುಂಗಿಕೊಂಡೆ.

ನುಂಗಲಾಗದ್ದು ಇನ್ನೊಂದು. ಗುರುತಿಲ್ಲದ ಗಿಡ ತಂದಾಗಲೆಲ್ಲ ಮೊದಲು ಅದರ ರಸವನ್ನು ನನ್ನ ಮಣಿಕಟ್ಟಿಗೆ ಸವರುತ್ತಿದ್ದಿರಿ. ಉರಿಯದಿದ್ದರೆ ತುಟಿಗೆ, ಆಮೇಲೆ ನಾಲಿಗೆಗೆ, ಕೊನೆಗೆ ಬೇಯಿಸಿದ ಒಂದು ಚಮಚ. ಮರುದಿನ ನಾನು ನೆಟ್ಟಗೆ ಎದ್ದರೆ ನಿಮ್ಮ ತಟ್ಟೆಗೆ. ಯಾವಾಗಲೂ ನಾನೇ ಯಾಕೆ ಎಂದು ಒಮ್ಮೆ ಕೇಳಿದ್ದೆ. ನನಗೇನಾದ್ರೂ ಆದ್ರೆ ಅದು ಯಾವ ಗಿಡ ಅಂತ ಡಾಕ್ಟರಿಗೆ ಹೇಳೋರು ಯಾರು, ನಿನಗಾದ್ರೆ ನಾನಿದ್ದೀನಲ್ಲ ಎಂದಿರಿ. ಆ ಮಾತಿನಲ್ಲಿ ನನಗೆ ಪ್ರೀತಿ ಕಂಡಿತ್ತು. ನನ್ನ ಬುದ್ಧಿಗೆ ಮಂಕು ಕವಿದಿತ್ತು, ಇನ್ನೇನು ಹೇಳಲಿ. ಗಂಟಲು ಊದಿಕೊಂಡು ಎರಡು ದಿನ ಮಾತಾಡಲಾಗದೆ ಕೆಲಸಕ್ಕೆ ರಜೆ ಹಾಕಿದಾಗಲೂ ನೆಗಡಿ ಎಂದೇ ಯಜಮಾನರಿಗೆ ಹೇಳಿದೆ.

ಅಂಗಡಿಯಲ್ಲಿ ದಾಸ್ತಾನು ಎಣಿಸುವ ಕೆಲಸವಿದ್ದ ದಿನ ಬರುವುದು ತಡವಾಯಿತು. ಗುಬ್ಬಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ತುಟಿ ಎರಡರಷ್ಟು ದಪ್ಪವಾಗಿತ್ತು, ಮಣಿಕಟ್ಟು ಕೆಂಪಾಗಿತ್ತು. ಅಳುತ್ತಿರಲಿಲ್ಲ. ನೀನಿಲ್ಲ ಅಂತ ಇವತ್ತು ನಾನೇ ರುಚಿ ನೋಡಿಕೊಟ್ಟೆ ಎಂದು ತೊದಲುತ್ತ ಹೇಳಿದಳು. ಕಣ್ಣಲ್ಲಿ ಬಹುಮಾನ ಗೆದ್ದವಳ ಹೆಮ್ಮೆ. ನೀವು ಒಳಗಿನಿಂದಲೇ, ಬರೀ ತುಟಿಗೆ ಸವರಿದ್ದು, ನುಂಗಿಲ್ಲ ಬಿಡು ಎಂದಿರಿ. ಎದ್ದೂ ಬರಲಿಲ್ಲ. ಏಳು ವರ್ಷದ ಮಗು ರೀ ಅದು.

ಬಾಯಿ ತೊಳೆಸಿ, ಡಾಕ್ಟರಿಗೆ ತೋರಿಸಿ, ಅಲ್ಲಿಂದಲೇ ಅಕ್ಕನ ಮನೆಗೆ ಬಂದೆ. ಆ ಭಾನುವಾರ ನೀವು ಅದೇ ಗಿಡವನ್ನು ಎಲ್ಲರಿಗೂ ತೋರಿಸಿ, ಇದನ್ನು ಕೀಳಬೇಡಿ, ತುಟಿ ಉರಿಯುತ್ತದೆ, ನಮ್ಮ ಮನೆಯಲ್ಲೇ ಪರೀಕ್ಷೆಯಾಗಿದೆ ಎಂದಿರಂತೆ. ಎದುರುಮನೆ ಟೈಲರ್ ಫೋನಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ, ಪಾಪ, ಆ ಟೈಲರೂ ತಟ್ಟಿದರಂತೆ. ಪರೀಕ್ಷೆ ಯಾರ ಮೇಲಾಯಿತೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ನಿಮ್ಮ ಮೇಲೆ ದ್ವೇಷವಿದೆಯೇ ಎಂದರೆ, ಇದೆ. ಮಗಳನ್ನು ನೋಡಬೇಡಿ ಎನ್ನುವಷ್ಟಿಲ್ಲ. ಅವಳಿಗೆ ನೀವೆಂದರೆ ಜೀವ. ಯಾವ ಭಾನುವಾರವಾದರೂ ಬನ್ನಿ, ಅಕ್ಕನ ನಡುಮನೆಯಲ್ಲಿ ಕೂತು ಅವಳ ಜೊತೆ ಮಾತಾಡಿ, ನಾನು ಎದುರಿಗೇ ಇರುತ್ತೇನೆ. ಕೈಯಲ್ಲಿ ಏನಾದರೂ ತರಲೇಬೇಕೆನಿಸಿದರೆ ಅಂಗಡಿಯಿಂದ ತನ್ನಿ. ಪೊಟ್ಟಣ ಒಡೆದಿರಬಾರದು.

ಇಷ್ಟೇ, ಇನ್ನು ಬರೆಯಲು ನನ್ನಲ್ಲಿ ಏನೂ ಉಳಿದಿಲ್ಲ.

ಗುಬ್ಬಿಯ ಅಮ್ಮ

ತಾ.ಕ.: ರಜೆಗೆ ಅಪ್ಪನ ಹತ್ತಿರ ಕಳುಹಿಸುವುದಿಲ್ಲ ಎಂದು ಈಗಷ್ಟೇ ಗುಬ್ಬಿಗೆ ಹೇಳಿದೆ. ಅತ್ತು ರಂಪ ಮಾಡುತ್ತಾಳೆ ಎಂದುಕೊಂಡಿದ್ದೆ, ಮಾಡಲಿಲ್ಲ. ಮಣಿಕಟ್ಟು ಸವರಿಕೊಳ್ಳುತ್ತ, ಹಾಗಾದರೆ ಅಪ್ಪನಿಗೆ ಒಂದು ಮಾತು ಬರೆ ಎಂದಳು. ಬರೆಯದೆ ಬಿಡುವ ಹಾಗಿಲ್ಲ, ಪಕ್ಕದಲ್ಲೇ ನಿಂತು ನೋಡುತ್ತಿದ್ದಾಳೆ. ತಾನು ಬರೋವರೆಗೂ ಅಪ್ಪ ಹೊಸದು ಏನೂ ತಿನ್ನಬಾರದಂತೆ, ಅಲ್ಲಿ ಮೊದಲು ರುಚಿ ನೋಡಿಕೊಡೋರು ಯಾರೂ ಇಲ್ಲವಂತೆ.